ಪೇತ್ರನ ಅತ್ತೆಯ ಊರಿನಲ್ಲಿ

ಯೇಸು ಹುಟ್ಟಿ ನಡೆದಾಡಿದ ಪವಿತ್ರ ನಾಡಿಗೆ ಹೊರಡುವವರ ಮುಖ ನೋಡಬೇಕು. ವಿಮಾನ ನಿಲ್ದಾಣದಿಂದಲೇ ಗಂಭೀರ. ನಾವೂ ಹಾಗೇ ಹೊರಟೆವು. ಆ ಗಾಂಭೀರ್ಯ ನಜರೇತಿನವರೆಗೂ ಬಾಳಲಿಲ್ಲ.

ನಮ್ಮ ಮನೆಯಿಂದ ನಾನು, ನನ್ನಾಕೆ, ಮಗ, ಸೊಸೆ, ಹನ್ನೆರಡರ ಮೊಮ್ಮಗಳು, ಏಳರ ಮೊಮ್ಮಗ. ಮಿಕ್ಕವರೆಲ್ಲ ಸಭೆಯವರು. ಕರೆದುಕೊಂಡು ಹೋದವರು ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ. ಮಗ ಭಾನುವಾರದ ಆರಾಧನೆಗೆ ಬರುವುದನ್ನು ಬಿಟ್ಟು ಬಹಳ ಕಾಲವಾಯಿತು. ಯಾರ ಮೇಲೂ ಸಿಟ್ಟಿಲ್ಲ, ಜಗಳವಿಲ್ಲ. ಸುಮ್ನೆ ಬಿಟ್ಟ. ಈ ಪ್ರವಾಸಕ್ಕೆ ಮಾತ್ರ, "ಅಮ್ಮನಿಗೆ ಮೊಣಕಾಲು ನೋವು, ಬ್ಯಾಗು ಹೊರೋಕೆ ಒಬ್ಬರು ಬೇಕಲ್ವಾ" ಎಂದು ಹೊರಟುಬಿಟ್ಟ. "ನೀವು ದಾರಿಯಲ್ಲಿ ಅವನಿಗೆ ಪ್ರಸಂಗ ಮಾಡಬೇಡಿ" ಎಂದು ನನ್ನಾಕೆ ನನಗೆ ಮೊದಲೇ ತಾಕೀತು ಮಾಡಿದ್ದಳು.

ನಜರೇತಿನ ದೊಡ್ಡ ದೇವಾಲಯ 1969ರಲ್ಲಿ ಪ್ರತಿಷ್ಠೆಯಾದದ್ದು. ಯೇಸು ಹುಟ್ಟುತ್ತಾನೆ ಎಂದು ದೇವದೂತ ಗಬ್ರಿಯೇಲನು ತಾಯಿ ಮರಿಯಳಿಗೆ ಸುದ್ದಿ ಹೇಳಿದ ಗವಿ ಎಂದು ನಂಬುವ ಜಾಗ ಕೆಳಗಿದೆ. ಗೋಡೆಯ ಮೇಲೆ, ಅಂಗಳದ ಸುತ್ತ, ದೇಶದೇಶದವರು ಕಳಿಸಿದ ಮರಿಯಳ ಚಿತ್ರಗಳು. ಜಪಾನಿನವರ ಚಿತ್ರದಲ್ಲಿ ಅವಳು ಕಿಮೊನೊ ತೊಟ್ಟಿದ್ದಾಳೆ. "ಎಲ್ಲರೂ ಅವಳನ್ನು ತಮ್ಮ ಮನೆಯವಳ ಹಾಗೇ ಬರೆದಿದ್ದಾರೆ ತಾತಾ" ಎಂದಳು ಮೊಮ್ಮಗಳು. ಮೊಮ್ಮಗ ಮಾತ್ರ ಮರಿಯಳ ಗಂಡ, ಬಡಗಿ ಯೋಸೇಫನ ಗರಗಸ ಎಲ್ಲಿದೆ ಎಂದು ಕಾವಲುಗಾರನನ್ನೇ ಕೇಳಲು ಹೋದ. ಸಭೆಯವರೆಲ್ಲ ನಕ್ಕರು. ಅಲ್ಲಿಗೆ ಗಾಂಭೀರ್ಯ ಮುಗಿಯಿತು.

ಅಲ್ಲಿಂದ ಕಾನಾ ಹತ್ತಿರ. ಮದುವೆ ಮನೆಯಲ್ಲಿ ಯೇಸು ಬಾನಿಗಳ ನೀರನ್ನು ದ್ರಾಕ್ಷಾರಸ ಮಾಡಿದ ಊರು. ಈಗಿನ ಹೆಸರು ಕಫ್ರ್ ಕನ್ನಾ. ಸುವಾರ್ತೆಯ ಕಾನಾ ಇದೇನಾ, ಬೇರೆ ಊರಾ ಎಂದು ಪಂಡಿತರಲ್ಲಿ ಒಮ್ಮತವಿಲ್ಲ. ಪ್ರವಾಸಿಗಳಿಗೆ ಅದರ ಚಿಂತೆಯೂ ಇಲ್ಲ. ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮದುವೆ ದೇವಾಲಯದಲ್ಲಿ ದಂಪತಿಗಳು ಸಾಲಾಗಿ ನಿಂತು ಮದುವೆಯ ಮಾತನ್ನು ಮತ್ತೊಮ್ಮೆ ಕೊಡುತ್ತಾರೆ. ನನಗೆ ಇದೆಲ್ಲ ಸ್ವಲ್ಪ ನಾಟಕ ಅನ್ನಿಸಿತ್ತು. ನಾನು ಹಿಂದೆ ಸರಿಯುವ ಮೊದಲೇ ಸೊಸೆ ನಮ್ಮಿಬ್ಬರನ್ನೂ ಮುಂದೆ ನೂಕಿದಳು.

ಅಯ್ಯನವರು ಓದುತ್ತಾ ಬಂದರು. ಸುಖದಲ್ಲೂ ಕಷ್ಟದಲ್ಲೂ, ಆರೋಗ್ಯದಲ್ಲೂ ರೋಗದಲ್ಲೂ ಎಂದು ಹೇಳಿ ನನ್ನಾಕೆಯ ಮುಖ ನೋಡಿದರು. "ಅದನ್ನೆಲ್ಲ ಆಗಲೇ ಮಾಡಿ ಆಗಿದೆ ಅಯ್ಯನವರೇ" ಎಂದಳು. ಪಕ್ಕದ ಸಾಲಿನವರೂ ನಕ್ಕರು. ನಾನು ನಗಲಿಲ್ಲ. ಅವಳು ಹೇಳಿದ್ದು ತಮಾಷೆಯಾಗಿ ಕೇಳಿಸಿತು, ಆದರೆ ಅದು ಲೆಕ್ಕ. ನನ್ನ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ಕುರ್ಚಿಯಲ್ಲಿ ರಾತ್ರಿಯಿಡೀ ಕೂತವಳು ಅವಳು. ಮದುವೆಯ ದಿನ "ಹೌದು" ಅನ್ನುವಾಗ ನಮಗಿಬ್ಬರಿಗೂ ಏನೂ ಗೊತ್ತಿರಲಿಲ್ಲ. ಕಾನಾದಲ್ಲಿ ಎಲ್ಲ ಗೊತ್ತಿದ್ದು ಹೇಳಿದೆವು. ನಾಟಕ ಅಂದುಕೊಂಡವನ ಗಂಟಲೇ ಮೊದಲು ಕಟ್ಟಿತು.

ಹೊರಗೆ ಬಂದ ಮೇಲೆ ಮೊಮ್ಮಗಳು ಲೆಕ್ಕಕ್ಕೆ ಕೂತಳು. ಆರು ಕಲ್ಲಿನ ಬಾನಿಗಳು. ಸುವಾರ್ತೆಯಲ್ಲಿ ಯೋಹಾನನು ಕೊಟ್ಟ ಅಳತೆಯನ್ನು ಈಗಿನ ಲೀಟರಿಗೆ ತಂದರೆ ಒಂದೊಂದು ಬಾನಿಗೆ ಸುಮಾರು 80ರಿಂದ 120 ಲೀಟರ್. ಒಟ್ಟು 500 ಲೀಟರಿನ ಹತ್ತಿರ, ಕೆಲವರ ಲೆಕ್ಕದಲ್ಲಿ 700. ಅದೂ ಅತಿಥಿಗಳು ಇದ್ದದ್ದನ್ನೆಲ್ಲ ಕುಡಿದು ಮುಗಿಸಿದ ಮೇಲೆ! "ದೇವರು ಅಳೆದು ಕೊಡೋದಿಲ್ಲ" ಎಂದರು ಅಯ್ಯನವರು. "ಅಷ್ಟು ನೀರು ಹೊತ್ತು ತುಂಬಿಸಿದವರು ಕೆಲಸದವರು, ಅವರ ಹೆಸರೇ ಇಲ್ಲ" ಎಂದಳು ಸೊಸೆ. ಎರಡೂ ನಿಜ.

ನನ್ನಾಕೆಗೆ ಈ ಕಥೆಯಲ್ಲಿ ಇಷ್ಟವಾದದ್ದು ಬೇರೆ. ತಾಯಿ ಮರಿಯಳು ಬಂದು ದ್ರಾಕ್ಷಾರಸ ಮುಗಿಯಿತು ಅನ್ನುತ್ತಾಳೆ. ಮಗ, ನನ್ನ ಸಮಯ ಇನ್ನೂ ಬಂದಿಲ್ಲ ಅನ್ನುತ್ತಾನೆ. ತಾಯಿ ಅವನ ಜೊತೆ ವಾದಕ್ಕೆ ಇಳಿಯುವುದೇ ಇಲ್ಲ. ನೇರ ಕೆಲಸದವರ ಹತ್ತಿರ ಹೋಗಿ, ಅವನು ಹೇಳಿದ ಹಾಗೆ ಮಾಡಿ ಅನ್ನುತ್ತಾಳೆ. "ಮಗನ ಜೊತೆ ಮಾತಾಡೋದು ಹೇಗೆ ಅಂತ ಇದನ್ನು ನೋಡಿ ಕಲಿಬೇಕು" ಎಂದಳು. ಯಾರಿಗೆ ಹೇಳಿದಳೋ ನನಗೆ ಗೊತ್ತಾಯಿತು.

ಗಲಿಲಾಯ ಸಮುದ್ರ ಸಿಹಿನೀರಿನ ಕೆರೆ. ಉದ್ದ ಸುಮಾರು 21 ಕಿಲೋಮೀಟರ್, ಅಗಲ 13. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗಿದೆ. ಸುತ್ತ ಗುಡ್ಡ. ಮೇಲಿನ ತಂಪು ಗಾಳಿ ಒಮ್ಮೆಲೇ ಕೆಳಗಿಳಿದರೆ ನೀರು ಕೆರಳುತ್ತದೆ. ನಾವು ಹೋದಾಗ ಮಾತ್ರ ಅಲುಗದೆ ಮಲಗಿತ್ತು. ಮೀನಿನ ಊಟದಲ್ಲಿ ಮೊಮ್ಮಗ ಎಲ್ಲರ ತಟ್ಟೆಯ ಮೀನಿನ ಬಾಯಿಯನ್ನೂ ತೆರೆದು ನೋಡಿದ. ಯೇಸುವಿನ ಶಿಷ್ಯ, ಮೀನುಗಾರ ಪೇತ್ರನಿಗೆ ತೆರಿಗೆ ಕಟ್ಟಲು ನಾಣ್ಯ ಸಿಕ್ಕಿದ್ದು ಇದೇ ನೀರಿನ ಮೀನಿನಲ್ಲಿ ಅಲ್ವಾ. ಸಿಗಲಿಲ್ಲ. ಅವನಿಗೆ ದೇವಾಲಯ ನೋಡಿ ಆದದ್ದಕ್ಕಿಂತ ಜಾಸ್ತಿ ಬೇಜಾರು ಇದರಿಂದ ಆಯಿತು.

ಅದೇ ಕೆರೆಯ ದಡದ ಗಿನೋಸರ್‌ನಲ್ಲಿ ಒಂದು ಹಳೆಯ ದೋಣಿ ಇಟ್ಟಿದ್ದಾರೆ. 1986ರಲ್ಲಿ ಬರ ಬಂದು ಕೆರೆಯ ನೀರು ಇಳಿದಿತ್ತು. ಇಬ್ಬರು ಅಣ್ಣತಮ್ಮಂದಿರು, ಮೀನುಗಾರರು, ಕೆಸರಿನಲ್ಲಿ ಅದರ ಗುರುತು ಕಂಡರು. ನೀರು ಮತ್ತೆ ಏರುವ ಮೊದಲು ಹಗಲೂ ರಾತ್ರಿ ಅಗೆದು ತೆಗೆದರು. ಗಾಳಿ ತಾಗಿದರೆ ಮರ ಪುಡಿಯಾಗುತ್ತದೆ ಎಂದು ಇಡೀ ದೋಣಿಗೆ ನೊರೆಯಂಥ ಫೋಮ್ ಬಳಿದು ನೀರಿನಲ್ಲೇ ತೇಲಿಸಿ ತಂದರು. ಆಮೇಲೆ ಮೇಣದಂಥ ರಾಸಾಯನಿಕದ ತೊಟ್ಟಿಯಲ್ಲಿ ವರ್ಷಗಟ್ಟಲೆ ನೆನೆಸಿದರು. ಎರಡು ಸಾವಿರ ವರ್ಷದಷ್ಟು ಹಳೆಯದು. 8 ಮೀಟರಿಗಿಂತ ಸ್ವಲ್ಪ ಉದ್ದ. ಯೇಸು ಹತ್ತಿದ ದೋಣಿ ಅನ್ನಲು ಯಾವ ಆಧಾರವೂ ಇಲ್ಲ. ಅದನ್ನು ಅಲ್ಲಿಯವರೇ ಹೇಳುತ್ತಾರೆ, ನನಗದು ಹಿಡಿಸಿತು.

ದೇವಾಲಯಗಳಲ್ಲಿ ಹೊರಗೇ ನಿಲ್ಲುತ್ತಿದ್ದ ನನ್ನ ಮಗ ಇಲ್ಲಿ ಅಲುಗಲಿಲ್ಲ. ದೋಣಿಯಲ್ಲಿ ಹತ್ತು ಹನ್ನೆರಡು ಜಾತಿಯ ಮರ ಇದೆಯಂತೆ. ಸಿಕ್ಕ ಹಲಗೆ, ಬೇರೆ ದೋಣಿಯ ತುಂಡು, ಎಲ್ಲ ಸೇರಿಸಿ ಮತ್ತೆ ಮತ್ತೆ ರಿಪೇರಿ ಮಾಡಿದ್ದಾರೆ. "ದುಡ್ಡಿಲ್ಲದವರ ದೋಣಿ ಅಪ್ಪಾ ಇದು. ಹೊಸದು ಕೊಳ್ಳೋಕೆ ಆಗದೆ ತೇಪೆ ಹಾಕಿಕೊಂಡೇ ಓಡಿಸಿದ್ದಾರೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಇಂಥದ್ದನ್ನು ಬಿಟ್ಟು ಪೇತ್ರ ಯೇಸುವಿನ ಹಿಂದೆ ಹೊರಟಾಗ ಅವನ ಹೆಂಡತಿ ಏನಂದಿರಬಹುದು?" ಎಂದು ಕೇಳಿದ.

ಚಿಕ್ಕಂದಿನಿಂದ ಆ ಭಾಗ ಎಷ್ಟು ಸಲ ಓದಿದ್ದೇನೋ. ಕೂಡಲೇ ಬಲೆಗಳನ್ನು ಬಿಟ್ಟು ಹಿಂಬಾಲಿಸಿದರು ಎಂದು ಓದಿ ಮುಂದೆ ಹೋಗುತ್ತಿದ್ದೆ. ಆ ಬಲೆಯಿಂದ ಉಣ್ಣುತ್ತಿದ್ದವರು ಯಾರು ಎಂದು ನನಗೆ ಹೊಳೆದೇ ಇರಲಿಲ್ಲ. ಆರಾಧನೆಗೆ ಬಾರದವನಿಗೆ ಹೊಳೆಯಿತು.

ಪೇತ್ರನ ಮನೆಯಿದ್ದ ಕಪೆರ್ನೌಮಿಗೆ ಹೋದಾಗ ಆ ಪ್ರಶ್ನೆ ಇನ್ನೂ ತಲೆಯಲ್ಲಿತ್ತು. ಕಪ್ಪು ಕಲ್ಲಿನ ಸಣ್ಣ ಸಣ್ಣ ಮನೆಗಳ ಗೋಡೆಗಳು ಮೊಣಕಾಲೆತ್ತರಕ್ಕೆ ಉಳಿದಿವೆ. ಪೇತ್ರನ ಮನೆ ಎಂದು ಹೇಳುವ ಮನೆಯ ಮೇಲೆ 5ನೇ ಶತಮಾನದಲ್ಲಿ ಎಂಟು ಮೂಲೆಯ ದೇವಾಲಯ ಕಟ್ಟಿದ್ದರು. ಈಗ ಅದರ ಮೇಲೆ 1990ರ ಹೊಸ ದೇವಾಲಯ ಕಂಬಗಳ ಮೇಲೆ ನಿಂತಿದೆ. ನಡುವೆ ಗಾಜಿನ ನೆಲ. ಬಗ್ಗಿ ನೋಡಿದರೆ ಕೆಳಗೆ ಮನೆ. ಒಂದು ಕೋಣೆ ಅಷ್ಟೇ. ಅದರೊಳಗೆ ಪೇತ್ರ, ತಮ್ಮ ಅಂದ್ರೆಯ, ಹೆಂಡತಿ, ಜ್ವರ ಬಂದು ಮಲಗಿದ ಅತ್ತೆ, ಆಮೇಲೆ ಬಂದ ಅತಿಥಿಗಳು!

ಅಯ್ಯನವರು ಮಾರ್ಕನ ಸುವಾರ್ತೆ ತೆರೆದರು. ಯೇಸು ಅವಳ ಕೈ ಹಿಡಿದು ಎಬ್ಬಿಸಿದನು, ಜ್ವರ ಬಿಟ್ಟಿತು, ಆಕೆ ಅವರಿಗೆ ಉಪಚಾರ ಮಾಡಿದಳು. ನನ್ನಾಕೆ ಮೆಲ್ಲಗೆ, "ಜ್ವರ ಬಿಟ್ಟ ಮೇಲೂ ಒಂದು ಗಂಟೆ ಮಲಗೋಕೆ ಬಿಡಲಿಲ್ಲ ನೋಡಿ" ಎಂದಳು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಅಯ್ಯನವರೂ ನಕ್ಕು, ಮಗನ ಪ್ರಶ್ನೆಗೆ ಉತ್ತರ ಹುಡುಕಿ ಕೊಟ್ಟರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ, ಕೇಫನು ಅಂದರೆ ಪೇತ್ರನು ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಸಂಚಾರ ಮಾಡುತ್ತಾನೆ ಎಂದು ಪೌಲನು ಬರೆದಿದ್ದಾನೆ. ಹೋದವನು ಬಿಟ್ಟೇ ಹೋಗಲಿಲ್ಲ. ಮಗ ಫೋನಿನಲ್ಲಿ ಆ ವಚನ ತೆಗೆದು ಓದಿಕೊಂಡ. ನಾನು ಬೇರೆ ಕಡೆ ನೋಡಿದೆ. ತಾಕೀತು ನೆನಪಿತ್ತು.

ಯೊರ್ದನ್ ನದಿ ನೋಡಿ ನಿರಾಶರಾಗದವರು ಕಡಿಮೆ. ಹಾಡುಗಳಲ್ಲಿ ಅಷ್ಟು ದೊಡ್ಡದಾಗಿದ್ದ ನದಿ ಯಾರ್ಡೆನಿಟ್‌ನಲ್ಲಿ ಹಸಿರು ಕಾಲುವೆ. ದೀಕ್ಷಾಸ್ನಾನಕ್ಕೆ ಬಿಳಿ ನಿಲುವಂಗಿ ತೊಟ್ಟವರು ಇಳಿಯುತ್ತಾರೆ, ಕಾಲಿಗೆ ಮೀನು ಬಂದು ಮುತ್ತುತ್ತದೆ. ಪ್ರಾರ್ಥನೆಯ ನಡುವೆ ಕಿರುಚಾಟ. ಮೃತ ಸಮುದ್ರ ಇನ್ನೂ ಕೆಳಗೆ, ಸಮುದ್ರ ಮಟ್ಟಕ್ಕಿಂತ ಸುಮಾರು 430 ಮೀಟರ್. ನೀರಿನಲ್ಲಿ ಮೂರನೇ ಒಂದು ಭಾಗ ಉಪ್ಪು. ಈಜು ಬಾರದ ನಾನೂ ತೇಲಿದೆ. ಗಲಿಲಾಯದಲ್ಲಿ ನೀರಿನ ಮೇಲೆ ನಡೆಯುತ್ತಿದ್ದ ಪೇತ್ರ ಸಂದೇಹಪಟ್ಟು ಮುಳುಗತೊಡಗಿದ ಕಥೆ ಬೆಳಿಗ್ಗೆಯಷ್ಟೇ ಕೇಳಿದ್ದೆವು. ಪಕ್ಕದಲ್ಲಿ ಅಂಗಾತ ತೇಲುತ್ತಿದ್ದ ಮಗ, "ಇಲ್ಲಿ ನಂಬಿಕೆ ಇಲ್ಲದವನೂ ಮುಳುಗೋದಿಲ್ಲ ಅಪ್ಪಾ" ಎಂದ. ನಗು ಬಂದು ಬಾಯಿಗೆ ಆ ನೀರು ಹೋಯಿತು. ಅದರ ರುಚಿ ಶತ್ರುವಿಗೂ ಬೇಡ.

ಬೇತ್ಲೆಹೇಮಿಗೆ ಹೋಗಲು ಎತ್ತರದ ಗೋಡೆ ದಾಟಬೇಕು, ತಪಾಸಣೆ ದಾಟಬೇಕು. ಸಮಾಧಾನದ ಪ್ರಭು ಹುಟ್ಟಿದ ಊರಿಗೆ ಬಂದೂಕುಗಳ ನಡುವೆ ದಾರಿ. ಅದರ ಬಗ್ಗೆ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ, ನನಗೂ ತಮಾಷೆ ಬರಲಿಲ್ಲ. ದೇವಾಲಯದ ಬಾಗಿಲು ಸುಮಾರು 1.2 ಮೀಟರ್ ಎತ್ತರ. ಕುದುರೆ ಏರಿ ಒಳಗೆ ನುಗ್ಗದ ಹಾಗೆ ಕಿರಿದು ಮಾಡಿದ್ದಂತೆ. ದೊಡ್ಡವರೆಲ್ಲ ಬಗ್ಗಿದೆವು, ಮೊಮ್ಮಗ ನೆಟ್ಟಗೆ ನಡೆದುಹೋದ. ಗವಿಯ ನೆಲದಲ್ಲಿ ಹದಿನಾಲ್ಕು ಮೂಲೆಯ ಬೆಳ್ಳಿ ನಕ್ಷತ್ರ. ನನ್ನಾಕೆ ಮಂಡಿಯೂರಿ ಕೂತಳು. ಏಳಲು ಆಗಲಿಲ್ಲ. ಮಗ ಹಿಡಿದು ಎಬ್ಬಿಸಿದ. ಇದೇ ದೇವಾಲಯದಲ್ಲಿ 2011ರ ಡಿಸೆಂಬರಿನಲ್ಲಿ ಗ್ರೀಕ್ ಮತ್ತು ಅರ್ಮೇನಿಯನ್ ಪಾದ್ರಿಗಳು, ಯಾವ ಜಾಗ ಯಾರು ಗುಡಿಸಬೇಕು ಎಂದು ಪೊರಕೆ ಹಿಡಿದು ಹೊಡೆದಾಡಿದ್ದರು. ಕ್ರಿಸ್ಮಸ್ ಹಬ್ಬಕ್ಕೆ ಶುಚಿ ಮಾಡುವಾಗ!

ಯೆರೂಸಲೇಮಿನಲ್ಲಿ ಮೊದಲು ಗೆತ್ಸೇಮನೆ, ಯೇಸುವನ್ನು ಹಿಡಿಯುವ ಮೊದಲು ಅವನು ಪ್ರಾರ್ಥಿಸಿದ ತೋಟ. ಗಂಟುಗಂಟಾದ ಎಣ್ಣೆಮರಗಳು, ಅಂದರೆ ಆಲಿವ್. ಮೂರು ಮರಗಳ ಕಾಂಡ ಪರೀಕ್ಷಿಸಿದಾಗ ಅವು 12ನೇ ಶತಮಾನದ ಆಸುಪಾಸಿನವು ಎಂದು ತಿಳಿಯಿತು. ಅಯ್ಯನವರು, ಯೇಸು ಪ್ರಾರ್ಥಿಸುವಾಗ ಶಿಷ್ಯರು ನಿದ್ದೆ ಹೋದ ಭಾಗ ಓದಿದರು. "ನಮ್ಮ ತಾತನೂ ಪ್ರಸಂಗದಲ್ಲಿ ಹಾಗೇ" ಎಂದ ಮೊಮ್ಮಗ, ಎಲ್ಲರಿಗೂ ಕೇಳುವ ಹಾಗೆ. ಶಿಷ್ಯರ ಸಾಲಿಗೆ ಸೇರಿಸಿದನಲ್ಲ ಎಂದು ನಾನು ಸುಮ್ಮನಾದೆ.

ಕೊನೆಗೆ ಪವಿತ್ರ ಸಮಾಧಿಯ ದೇವಾಲಯ, ಯೇಸುವನ್ನು ಹೂಳಿದ ಜಾಗ ಎಂದು ನಂಬುವ ಕಡೆ. ಒಳಗೆ ಗ್ರೀಕರು, ರೋಮನ್ ಕಥೋಲಿಕರು, ಅರ್ಮೇನಿಯನ್ನರು, ಈಜಿಪ್ಟಿನ ಕಾಪ್ಟರು, ಇಥಿಯೋಪಿಯನ್ನರು, ಸಿರಿಯನ್ನರು. ಭಾಗ ಮಾಡಿಕೊಂಡೂ ಭಾಗವಾಗದ ಅಣ್ಣತಮ್ಮಂದಿರ ಮನೆ ಇದು. ಒಂದು ಮೊಳೆ ಹೊಡೆಯಬೇಕಾದರೂ ಎಲ್ಲರ ಒಪ್ಪಿಗೆ ಬೇಕು. ಬಾಗಿಲಿನ ಬೀಗದ ಕೈ ಶತಮಾನಗಳಿಂದ ಮುಸ್ಲಿಂ ಕುಟುಂಬಗಳ ಹತ್ತಿರ: ಒಂದು ಮನೆಯವರು ಕೈ ಇಟ್ಟುಕೊಳ್ಳುತ್ತಾರೆ, ಇನ್ನೊಂದು ಮನೆಯವರು ಬಾಗಿಲು ತೆರೆಯುತ್ತಾರೆ. ಮುಂಬಾಗಿಲ ಮೇಲಿನ ಕಿಟಕಿಗೆ ಒಂದು ಮರದ ಏಣಿ ಒರಗಿದೆ. 1728ರ ಚಿತ್ರದಲ್ಲೂ ಅಲ್ಲಿ ಏಣಿ ಇದೆ. 18ನೇ ಶತಮಾನದಿಂದ ಇದ್ದದ್ದು ಇದ್ದ ಹಾಗೇ ಇರಲಿ ಎಂದು ಒಟ್ಟೋಮನ್ ಸುಲ್ತಾನರು ಕಟ್ಟುಮಾಡಿದರು, ಏಣಿಯೂ ಇದ್ದ ಹಾಗೇ ಉಳಿಯಿತು. 2002ರಲ್ಲಿ ಚಾವಣಿಯ ಮೇಲೆ ಕಾಪ್ಟಿಕ್ ಸಂನ್ಯಾಸಿಯೊಬ್ಬರು ಬಿಸಿಲಿಗೆ ಕುರ್ಚಿಯನ್ನು ನೆರಳಿಗೆ ಸರಿಸಿದರು. ಇಥಿಯೋಪಿಯನ್ನರಿಗೆ ಅದು ಗಡಿ ದಾಟಿದ ಹಾಗೆ ಕಂಡಿತು. ಹನ್ನೊಂದು ಜನ ಆಸ್ಪತ್ರೆ ಸೇರಿದರು.

ಇದನ್ನೆಲ್ಲ ಕೇಳಿ ಮಗ ನಂಬಿಕೆಯ ಬಗ್ಗೆ ಕುಟುಕುತ್ತಾನೆ ಎಂದು ಕಾದೆ. ಅವನು ಏಣಿಯನ್ನೇ ನೋಡುತ್ತಿದ್ದ. "ಇಷ್ಟು ಜಗಳ ಆಡಿದರೂ ಯಾರೂ ಮನೆ ಬಿಟ್ಟು ಹೋಗಿಲ್ಲ ಅಲ್ವಾ" ಎಂದ. ಆಮೇಲೆ ತಾಯಿಯ ಜೊತೆ ಸಮಾಧಿಯ ಸಾಲಿನಲ್ಲಿ ನಿಂತ. ಸಾಲು ಉದ್ದ, ಒಳಗೆ ಇರಲು ಬಿಡುವುದು ಒಂದೆರಡು ನಿಮಿಷ. ಹೊರಗೆ ಬಂದಾಗ ಹಣೆ ಉಜ್ಜಿಕೊಳ್ಳುತ್ತಿದ್ದ. ಏನನ್ನಿಸಿತು ಎಂದು ಕೇಳಲು ಬಾಯಿ ತೆರೆದೆ, ನನ್ನಾಕೆ ಕಣ್ಣು ಬಿಟ್ಟಳು. "ಬಾಗಿಲು ಗಿಡ್ಡ, ತಲೆ ತಾಗಿತು" ಎಂದ ಅವನೇ. ಅಷ್ಟೇ.

ಬಸ್ಸು ಹತ್ತಿದ ಮೇಲೆ ತಲೆ ಎಣಿಸುವ ಕೆಲಸ ನನ್ನಾಕೆಯದು. ಹನ್ನೆರಡು ವರ್ಷದ ಯೇಸು ಇದೇ ಊರಿನಲ್ಲಿ ಹಿಂದೆ ಉಳಿದದ್ದು ತಂದೆತಾಯಿಗೆ ಒಂದು ದಿನದ ದಾರಿ ನಡೆದ ಮೇಲೆ ಗೊತ್ತಾಯಿತಲ್ಲ, ಅದಕ್ಕೇ ಅವಳು ಮೊಮ್ಮಕ್ಕಳ ತಲೆ ಎರಡು ಸಲ ಎಣಿಸುತ್ತಿದ್ದಳು. ಇಬ್ಬರೂ ಇದ್ದರು. ಅವರ ಅಪ್ಪನೇ ಇಲ್ಲ. ಸೊಸೆ ಫೋನು ಮಾಡಿದರೆ ಎತ್ತುತ್ತಿಲ್ಲ. ಹುಡುಕಿ ಬರುತ್ತೇನೆ ಎಂದು ನಾನು ಎದ್ದೆ. ನನ್ನಾಕೆ ಕೈ ಹಿಡಿದು ಕೂರಿಸಿದಳು.

"ಹನ್ನೆರಡರವನು ಸಿಗೋಕೇ ಮೂರು ದಿನ ಆಯ್ತಂತೆ. ಇವನಿಗೆ ನಲವತ್ತೆರಡು. ಕೂತ್ಕೊಳ್ಳಿ."

ಡ್ರೈವರು ಹಾರ್ನ್ ಮಾಡಿದ.