ನಂಬರಿಲ್ಲದ ಟ್ಯೂಬು

ಶಿವಮೊಗ್ಗದಲ್ಲಿ ಬೆಳಗಿಂದ ಬಿಡದ ಮಳೆ. ಐಸ್ ಡಬ್ಬಿಯಲ್ಲಿ ಬೆನ್ನಿನ ನೀರಿನ, ಅಂದರೆ ಮಿದುಳು-ಬೆನ್ನುಹುರಿಯ ಸುತ್ತ ಇರುವ ದ್ರವದ, ಮೂರು ಟ್ಯೂಬು ಬಂದಿವೆ. ಮಿದುಳಿನ ಸಂದೇಶ ಒಯ್ಯುವ ರಾಸಾಯನಿಕಗಳು ಒಡೆದು ಉಳಿದದ್ದು ಅದರಲ್ಲಿ ಎಷ್ಟಿದೆ ಅಂತ ಅಳೀಬೇಕು. ಮೊದಲು ಹಿಡಿದದ್ದು ಯಾವುದು, ಕೊನೆಗೆ ಯಾವುದು? ಬರೆದಿಲ್ಲ.

ಅಷ್ಟಕ್ಕೇ ಲೆಕ್ಕ ಕೆಡುತ್ತೆ.

ಸೊಂಟಕ್ಕೆ ಸೂಜಿ ಹಾಕಿದಾಗ ಮೊದಲು ಬರೋದು ಅಲ್ಲೇ ಕೆಳಗೆ ನಿಂತ ನೀರು. ತೆಗೀತಾ ಹೋದಂತೆ ಮೇಲಿನದು ಇಳಿಯುತ್ತೆ. ಡೋಪಮಿನ್ ಒಡೆದು ಆಗುವ ಎಚ್‌ವಿಎ ಬಹುಪಾಲು ಮಿದುಳಿನದೇ, ಅದರಲ್ಲೂ ಮಿದುಳಿನೊಳಗೆ ಈ ನೀರು ತುಂಬಿರೋ ಕುಹರಕ್ಕೆ ಅಂಟಿಕೊಂಡ ಕಾಡೇಟ್ ಅನ್ನೋ ಭಾಗದ ಕಡೆಯದು. ಅದಕ್ಕೇ ಕೊನೇ ಟ್ಯೂಬಲ್ಲಿ ಜಾಸ್ತಿ. ಸೆರೊಟೊನಿನ್ ಒಡೆದು ಆಗುವ 5-ಎಚ್‌ಐಎಎಗೆ ಬೆನ್ನುಹುರಿಯೂ ತನ್ನ ಪಾಲು ಸೇರಿಸುತ್ತೆ. ನಾರ್‌ಅಡ್ರಿನಲಿನ್ ಒಡೆದು ಆಗುವ ಎಂಎಚ್‌ಪಿಜಿಯದು ಇನ್ನೂ ತಕರಾರು, ರಕ್ತದಿಂದಲೂ ನುಸುಳುತ್ತೆ.

ಕೂಡ್ಲಿಯಲ್ಲಿ ಒಂದು ಬೊಗಸೆ ಎತ್ತಿ ಇದು ತುಂಗೆಯೋ ಭದ್ರೆಯೋ ಅಂತ ಕೇಳಿದ ಹಾಗೆ.

ಇನ್ನೊಂದು. ಎಚ್‌ವಿಎ, 5-ಎಚ್‌ಐಎಎ ಎರಡೂ ಆಮ್ಲಗಳು; ಅವನ್ನು ಈ ನೀರಿಂದ ರಕ್ತಕ್ಕೆ ದಾಟಿಸುವ ವ್ಯವಸ್ಥೆ ಇದೆ. ಪ್ರೊಬೆನೆಸಿಡ್ ಅನ್ನೋ ಔಷಧ ಕೊಟ್ಟರೆ ಅದು ತಡೆಯಾಗಿ ಮಟ್ಟ ಏರುತ್ತೆ. ಒಡೆಯೋದು ಹೆಚ್ಚಿದ್ದಲ್ಲ, ಬಚ್ಚಲು ಕಟ್ಟಿದ್ದು!

ರಕ್ತ ಬೆರೆತಿದ್ದರೆ ತಕ್ಷಣ ಗಿರಗಿರ ತಿರುಗಿಸೋ ಸೆಂಟ್ರಿಫ್ಯೂಜ್‌ಗೆ ಹಾಕಿ, ಮೇಲಿನ ತಿಳಿ ಮಾತ್ರ ತೆಗೆದು, ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿಗೆ. ನಂಬರು ಮಾತ್ರ ಸೂಜಿಗೂ ಮೊದಲೇ ಬರೀರಪ್ಪ.