ಹಿಮ್ಮಡಿ ಒತ್ತಬೇಡಿ, ಮಂಡಿ ಸಡಿಲಿಸಿ

ಕುದುರೆ ಸವಾರಿ ಕಲಿಯುವವರ ಕಿವಿಗೆ ಮೊದಲ ದಿನದಿಂದಲೇ ಬೀಳುವ ಮಾತು ‘ಹಿಮ್ಮಡಿ ಕೆಳಗೆ’. ಹೇಳುವವರದು ತಪ್ಪಲ್ಲ, ಆದರೆ ಕೇಳಿದವರು ಜೀಪಿನ ಬ್ರೇಕ್ ತುಳಿದ ಹಾಗೆ ಹಿಮ್ಮಡಿ ಒತ್ತುತ್ತಾರೆ. ಮಂಡಿ ಸೆಟೆಯುತ್ತದೆ, ಪಾದ ಮುಂದಕ್ಕೆ ಓಡುತ್ತದೆ, ಕೂತ ಜಾಗ ಜೀನಿನ ಹಿಂಬದಿಗೆ ಸರಿಯುತ್ತದೆ. ಜಗಲಿಯ ಆರಾಮಕುರ್ಚಿಗೆ ಸರಿಹೊಂದುವ ಭಂಗಿ ಅದು. ಟ್ರಾಟ್, ಅಂದರೆ ಸವಾರ ಬಡಿತಕ್ಕೆ ತಕ್ಕಂತೆ ಎದ್ದು ಕೂರಬೇಕಾದ ಕುದುರೆಯ ಕುಲುಕು ಓಟ, ಶುರುವಾದರೆ ಲಗಾಮು ಜಗ್ಗದೆ ಏಳಲಿಕ್ಕೇ ಆಗುವುದಿಲ್ಲ, ಪೆಟ್ಟು ಕುದುರೆಯ ಬಾಯಿಗೆ.

ಗಾರೆಯವರ ತೂಗುಗುಂಡು ನೆನಪಿಟ್ಟುಕೊಳ್ಳಿ. ರಿಕಾಪಿನ (ಪಾದ ಇಡುವ ಬಳೆಯ) ಪಟ್ಟಿ ಹಾಗೆ ನೆಲಕ್ಕೆ ನೇರ ಇಳಿದಿರಬೇಕು. ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆ. ಮೀನಖಂಡದ ಒಳಬದಿ, ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿಯಾದ ಗರ್ತ್‌ನ ತುಸು ಹಿಂದೆ ಕುದುರೆಯ ಹೊಟ್ಟೆಗೆ ಮೆಲ್ಲಗೆ ತಾಗಿರಬೇಕು, ಹಿಂಡಬಾರದು. ರಿಕಾಪು ಪಾದದ ಅಗಲವಾದ ಭಾಗದ ಕೆಳಗೆ. ಹಿಮ್ಮಡಿ ಬೆರಳಿಗಿಂತ ಒಂದಿಷ್ಟು ತಗ್ಗಿದ್ದರೆ ಸಾಕು. ಸೊಂಟ, ಮಂಡಿ, ಕಾಲಗಂಟು ಮೂರೂ ಸಡಿಲ ಇದ್ದರೆ ಮೈಭಾರ ತಾನಾಗಿಯೇ ಅಲ್ಲಿಗೆ ಇಳಿಯುತ್ತದೆ. ಮಂಡಿ ಬಿಗಿದರೆ ಭಾರ ಅಲ್ಲೇ ನಿಂತುಬಿಡುತ್ತದೆ, ಕೆಳಗಿನ ಕಾಲು ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ ಆಡುತ್ತದೆ. ಕಾಲು ಅಲ್ಲಾಡುವುದಕ್ಕೆ ಕಾರಣವನ್ನು ಕಾಲಿನಲ್ಲೇ ಹುಡುಕುವುದು ದಂಡ, ಅದು ಸಾಮಾನ್ಯವಾಗಿ ಮೇಲೆಲ್ಲೋ ಇರುತ್ತದೆ.

ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ತೊಡಕು, ಬೈಕು. ಘಾಟಿಯ ತಿರುವುಗಳಲ್ಲಿ ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು ರೂಢಿಯಾದವರು ಕುದುರೆ ಹತ್ತಿದರೂ ಅದನ್ನೇ ಮಾಡುತ್ತಾರೆ. ಬೈಕಿಗೆ ಅದು ಒಳ್ಳೆಯದೇ, ಇಲ್ಲಿ ಮಾತ್ರ ನಿಮ್ಮನ್ನು ಒದ್ದೆ ಸೋಪಿನ ಹಾಗೆ ಜೀನಿನಿಂದ ಮೇಲಕ್ಕೆ ಚಿಮ್ಮಿಸುತ್ತದೆ. ಅದೇ ಗದ್ದೆಯಂಚಲ್ಲಿ ಹಿಮ್ಮಡಿ ಊರಿ ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರಬಲ್ಲವರಿಗೆ ಕಾಲಗಂಟಿನ ಮಡಿಕೆ ಸರಾಗ, ಹಿಮ್ಮಡಿ ಸುಲಭವಾಗಿ ಇಳಿಯುತ್ತದೆ. ಆಗದವರು ಮನೆಯ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ, ಹಿಮ್ಮಡಿ ಕೆಳಗೆ ಬಿಟ್ಟು 30 ಸೆಕೆಂಡ್ ನಿಲ್ಲಲಿ. ದಿನಕ್ಕೆ 3 ಸಲ, ಜೋಲಿ ಹೊಡೆಯದೆ.

ತಪ್ಪು ಎಲ್ಲಿದೆ ಎಂದು ನಿಮ್ಮ ಬೂಟೇ ಹೇಳುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಕೆಂಧೂಳು ಬೂಟಿನ ತುಂಬ ಕೂತಿರುತ್ತದಲ್ಲ, ಇಳಿದ ಮೇಲೆ ಒರೆಸುವ ಮೊದಲು ಒಳಬದಿ ನೋಡಿ. ಮೀನಖಂಡದ ಒಳಭಾಗದಲ್ಲಿ ಧೂಳು ಉಜ್ಜಿ ಹೋಗಿದ್ದರೆ ಕಾಲು ಜಾಗದಲ್ಲಿತ್ತು. ಮಂಡಿಯ ಹತ್ತಿರ ಮಾತ್ರ ಫಳಫಳ, ಕೆಳಗೆ ಧೂಳು ಹಾಗೇ ಇದ್ದರೆ ಮಂಡಿಯಲ್ಲಿ ಹಿಡಿದಿದ್ದೀರಿ. ಮೀನಖಂಡದ ಹಿಂಬದಿ ಉಜ್ಜಿದ್ದರೆ ಬೆರಳು ಹೊರಕ್ಕೆ ತಿರುಗಿ, ಕಾಲಿನ ಹಿಂಭಾಗದಿಂದ ಕುದುರೆಯನ್ನು ಅಪ್ಪಿಕೊಂಡಿದ್ದೀರಿ. ಹಾಗೆಂದು ಬೆರಳನ್ನು ಒಳಗೆ ತಿರುಚಬೇಡಿ, ಕಾಲಗಂಟು ಬಿಗಿಯುತ್ತದೆ. ತಿರುಗಬೇಕಾದ್ದು ತೊಡೆ. ಕೈಯನ್ನು ತೊಡೆಯ ಹಿಂದೆ ಹಾಕಿ ಮಾಂಸವನ್ನು ಹೊರಕ್ಕೂ ಹಿಂದಕ್ಕೂ ಎಳೆದುಬಿಡಿ, ತೊಡೆಯ ಚಪ್ಪಟೆ ಭಾಗ ಜೀನಿಗೆ ಕೂರುತ್ತದೆ, ಪಾದ ಅದರ ಜೊತೆಗೆ ನೇರವಾಗುತ್ತದೆ.

ರಿಕಾಪಿನ ಉದ್ದಕ್ಕೆ ನೆಲದಲ್ಲಿ ನಿಂತಾಗಿನ ಅಳತೆ: ತೋಳು ಚಾಚಿ ಕೈಬೆರಳ ತುದಿ ಜೀನಿನ ರಿಕಾಪು ಕೊಂಡಿಗೆ ಇಟ್ಟರೆ ರಿಕಾಪಿನ ತಳ ಕಂಕುಳಿಗೆ ಬರಬೇಕು. ಇದು ಅಂದಾಜು ಅಷ್ಟೆ. ಹತ್ತಿದ ಮೇಲೆ ಕಾಲು ಇಳಿಬಿಟ್ಟಾಗ ರಿಕಾಪಿನ ತಳ ಕಾಲಗಂಟಿನ ಮೂಳೆಗೆ ತಾಗಬೇಕು. ಉದ್ದವಾದರೆ ಕಾಲ್ಬೆರಳಲ್ಲಿ ತಡಕಾಡುತ್ತೀರಿ, ಹಿಮ್ಮಡಿ ಮೇಲೇಳುತ್ತದೆ. ತೀರಾ ಗಿಡ್ಡವಾದರೆ ಮತ್ತೆ ಕುರ್ಚಿ ಭಂಗಿ.

ಎಷ್ಟು ಮಾಡಿದರೂ ಕಾಲು ಮುಂದಕ್ಕೇ ಹೋಗುತ್ತಿದ್ದರೆ ಜೀನನ್ನೂ ಅನುಮಾನಿಸಿ. ಕುದುರೆಯ ಬೆನ್ನ ಮೇಲಿಟ್ಟ ಜೀನಿನ ಆಸನದಲ್ಲಿ ಒಂದು ದುಂಡನೆ ಪೆನ್ಸಿಲನ್ನು ಅಡ್ಡ ಇಡಿ. ಅದು ಉರುಳಿ ನಿಲ್ಲುವ ಜಾಗವೇ ತೀರಾ ತಗ್ಗು, ಆಸನದ ನಡುವೆ ಇರಬೇಕು. ಹಿಂದಕ್ಕೆ ಹೋಗಿ ನಿಂತರೆ ಜೀನೇ ನಿಮ್ಮನ್ನು ಹಿಂದೆ ಕೂರಿಸುತ್ತಿದೆ. ಮುಂದುಗಡೆ ಕಂಬಳಿ ದಪ್ಪ ಮಡಚಿ ತುರುಕಿದರೂ ಹೀಗಾಗುತ್ತದೆ.

ಅಭ್ಯಾಸಕ್ಕೆ ಸುಗ್ಗಿ ಮುಗಿದ ಗದ್ದೆ ಸಾಕು, ನೆಲ ಬಿರುಕು ಬಿಟ್ಟಿರಬಾರದು. ಕುದುರೆ ನಿಂತಿರುವಾಗ ರಿಕಾಪಿನ ಮೇಲೆ ಎದ್ದು ನಿಲ್ಲಿ, ಬೇಕಿದ್ದರೆ ಜೂಲು ಹಿಡಿಯಿರಿ, ಲಗಾಮಿಗೆ ಜೋತುಬೀಳಬೇಡಿ. 10 ಎಣಿಸಿ. ಹಿಂದಕ್ಕೆ ಕುಸಿದರೆ ಪಾದ ಮುಂದಿದೆ, ಮುಂದಕ್ಕೆ ಮುಗ್ಗರಿಸಿದರೆ ಹಿಂದಿದೆ. ಇಲ್ಲಿ ಆಗದ್ದು ಟ್ರಾಟ್‌ನಲ್ಲಿ ಆಗುವುದಿಲ್ಲ. ಆಮೇಲೆ ನಡಿಗೆಯಲ್ಲಿ 20 ಹೆಜ್ಜೆ. ಆಮೇಲೆ 20 ಮೀಟರ್ ವೃತ್ತದಲ್ಲಿ ಟ್ರಾಟ್, ಒಂದು ಬಡಿತಕ್ಕೆ ಎದ್ದು ಇನ್ನೊಂದಕ್ಕೆ ಕೂರುವ ಬದಲು ಎರಡು ಬಡಿತ ಮೇಲೆ, ಒಂದು ಬಡಿತ ಕೆಳಗೆ. ಪಾದ ಸರಿಯಾಗಿ ಕೆಳಗಿಲ್ಲದಿದ್ದರೆ ಎರಡನೇ ಬಡಿತಕ್ಕೇ ದೊಪ್ಪೆಂದು ಕೂರುತ್ತೀರಿ. ರಿಕಾಪು ಬಿಟ್ಟು ಮಾಡುವ ಅಭ್ಯಾಸವೂ ಒಳ್ಳೆಯದೇ, ಆದರೆ 5 ನಿಮಿಷ ಸಾಕು. ದಣಿದ ಕಾಲು ಮಂಡಿಯಲ್ಲೇ ಹಿಡಿಯುವುದು, ಬಿಡಿಸಲು ಹೊರಟ ಚಾಳಿಯನ್ನೇ ಗಟ್ಟಿ ಮಾಡಿದ ಹಾಗೆ.

ತೀರ್ಥಹಳ್ಳಿ, ಹೊಸನಗರದ ಏರಿಳಿತದಲ್ಲಿ ತೂಗುಗುಂಡಿನ ಲೆಕ್ಕ ಮತ್ತೆ ಬೇಕು. ಪಟ್ಟಿ ನೇರವಿರಬೇಕಾದ್ದು ನೆಲದ ಕಡೆಗೆ, ಕುದುರೆಯ ಬೆನ್ನಿಗಲ್ಲ. ಇಳಿಜಾರಲ್ಲಿ ಪಾದ ಗರ್ತ್‌ಗಿಂತ ತುಸು ಮುಂದೆ, ಏರಿನಲ್ಲಿ ತುಸು ಹಿಂದೆ ಕಂಡರೆ ಅದೇ ಸರಿ. ಇಳಿಯುವಾಗ ಎರಡೂ ಕಾಲು ಚಾಚಿ ಬೆನ್ನು ಹಿಂದಕ್ಕೆ ಚೆಲ್ಲಿದರೆ ಜೀನಿನ ಹಿಂಭಾಗ ಕುದುರೆಯ ಸೊಂಟವನ್ನು ಒತ್ತುತ್ತದೆ, ಜಾರುವ ಮಣ್ಣಲ್ಲಿ ಅದಕ್ಕೆ ಹಿಂಗಾಲು ಮಡಚಿ ಇಳಿಯಲು ಆಗದು.

ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು ಹತ್ತಬೇಡಿ. ಅದರ ಆಳವಾದ ಕಚ್ಚು ರಿಕಾಪಿಗೆ ಸಿಕ್ಕಿಕೊಳ್ಳುತ್ತದೆ, ಬಿದ್ದರೆ ಪಾದ ಬಿಡಿಸಿಕೊಳ್ಳುವುದಿಲ್ಲ. ನಯವಾದ ತಳ, ಸಣ್ಣ ಹಿಮ್ಮಡಿಯ ಬೂಟು ಇರಲಿ. ರಿಕಾಪು ಬೂಟಿಗಿಂತ ಒಟ್ಟು 2.5 ಸೆಂ.ಮೀ. ಅಗಲ ಇರಲಿ. ಯಾವಾಗಲೂ ಎಡದಿಂದ ಹತ್ತುವುದರಿಂದ ಎಡಪಟ್ಟಿ ಬೇಗ ಹಿಗ್ಗುತ್ತದೆ, ನೆನೆದ ಚರ್ಮ ಇನ್ನೂ ಬೇಗ. ತೂತಿನ ಲೆಕ್ಕ ಎರಡೂ ಕಡೆ ಒಂದೇ ಇದ್ದರೂ ಎಡಗಾಲು ಮಾತ್ರ ಅಲೆಯುತ್ತಿದ್ದರೆ ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ನೋಡಿ. ತಿಂಗಳಿಗೊಮ್ಮೆ ಎಡಬಲ ಬದಲಿಸಿ. ಒದ್ದೆ ಪಟ್ಟಿಯನ್ನು ಗಾಳಿಗೆ ಒಣಗಿಸಿ, ಬಚ್ಚಲ ಒಲೆಯ ಮೇಲೆ ಬೇಡ. ಆ ಶಾಖಕ್ಕೆ ಚರ್ಮ ಸೆಟೆದು ಮೊದಲು ಬಿರಿಯುವುದು ತೂತಿನ ಸುತ್ತಲೇ.