ಹಿಂದೆ ಬರುತ್ತಿದ್ದವನನ್ನು ಮೊದಲು ಕೇಳುತ್ತೇನೆ

ದೂರದ ಬೈಕ್ ರ‍್ಯಾಲಿಗಳಲ್ಲಿ ಸವಾರರ ಬೆನ್ನಿಗೆ ಸರ್ವಿಸ್ ವ್ಯಾನಿನಲ್ಲಿ ಸಾಗುವ ಮೆಕ್ಯಾನಿಕ್ ನಾನು. ಗಾಡಿಯೊಂದು ಕೆಟ್ಟು ನಿಂತರೆ ಎಲ್ಲರೂ ಅದರ ಸವಾರನನ್ನೇ ಸುತ್ತುವರಿಯುತ್ತಾರೆ. ನಾನು ಮಾತ್ರ ಅವನ ಹಿಂದೆ ಬರುತ್ತಿದ್ದವರು ಯಾರೆಂದು ಹುಡುಕುತ್ತೇನೆ. ತನ್ನ ಗಾಡಿಯ ಹಿಂಭಾಗ ಸವಾರನ ಕಣ್ಣಿಗೆ ಬೀಳುವುದೇ ಇಲ್ಲ. ಚೈನ್ ಸಡಿಲವಾಗಿ ಕುಣಿಯುವುದು, ಹಿಂದಿನ ಚಕ್ರ ಸಣ್ಣಗೆ ಓಲಾಡುವುದು, ಎಂಜಿನ್ ಆಯಿಲ್ ಉರಿದು ಸೈಲೆನ್ಸರಿನಿಂದ ನೀಲಿ ಹೊಗೆ ಬರುವುದು, ಇವೆಲ್ಲ ಹಿಂದಿನವನಿಗೆ ಕಾಣುತ್ತವೆ. ಹೊಗೆ ಯಾವಾಗ ಬಂತು ಎಂಬುದನ್ನೂ ಅವನೇ ಹೇಳಬಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬಂದಿದ್ದರೆ ವಾಲ್ವ್ ಸೀಲಿನ ಮೇಲೆ ಅನುಮಾನ. ಏರಿನಲ್ಲಿ ಎಂಜಿನ್ ಎಳೆಯುವಾಗ ಬಂದಿದ್ದರೆ ಪಿಸ್ಟನ್ ರಿಂಗಿನ ಮೇಲೆ. ಆ ಒಂದು ಮಾತು ಅರ್ಧ ದಿನದ ಬಿಚ್ಚುವ ಕೆಲಸವನ್ನು ಉಳಿಸುತ್ತದೆ.

ಒಂದು ರ‍್ಯಾಲಿಯಲ್ಲಿ ಫ್ಯೂಯಲ್ ಇಂಜೆಕ್ಷನ್ ಗಾಡಿಯೊಂದು ಓಡುತ್ತಿದ್ದಂತೆಯೇ ಮುಗ್ಗರಿಸಿ ನಿಂತಿತು. ಪೆಟ್ರೋಲಿನಲ್ಲಿ ಕಸವಿದೆ ಎಂಬುದು ಸವಾರನ ಖಚಿತ ಅಭಿಪ್ರಾಯ. ಹಿಂದಿನವರು ಬೇರೆಯೇ ಹೇಳಿದರು: “ಬೆಳಿಗ್ಗೆ ಇವರ ಬ್ರೇಕ್ ಲೈಟ್ ಕಣ್ಣು ಕುಕ್ಕುತ್ತಿತ್ತು. ಮಧ್ಯಾಹ್ನದ ಮೇಲೆ ಹೊತ್ತಿದೆಯೋ ಇಲ್ಲವೋ ಎಂದು ನೋಡಬೇಕಾಯಿತು.” ದೀಪ ಮಂಕಾಗಿದೆಯೆಂದರೆ ಅನುಮಾನ ವಿದ್ಯುತ್ತಿನ ಮೇಲೆ. ನಾನು ಪೆಟ್ರೋಲ್ ಟ್ಯಾಂಕ್ ಬಿಟ್ಟು, ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಂಡೆ. ಹೇಗೋ ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟರೆ ಬ್ಯಾಟರಿಯ ತುದಿಗಳಲ್ಲಿ ಹೆಚ್ಚುಕಡಿಮೆ 14 ವೋಲ್ಟ್ ತೋರಿಸಬೇಕು. ಮೀಟರ್ 12ರ ಕೆಳಗೇ ಇಳಿಯುತ್ತಿತ್ತು. ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಸ್ಟೇಟರಿನಿಂದ ಬರುವ ಮೂರು ಹಳದಿ ತಂತಿಗಳನ್ನು ಎರಡೆರಡಾಗಿ ಅಳೆದೆ. ಮೂರು ಸಲವೂ ಒಂದೇ ಅಳತೆ, ಅಲ್ಲಿ ದೋಷವಿಲ್ಲ. ಆ ವಿದ್ಯುತ್ತನ್ನು ಹದಗೊಳಿಸಿ ಬ್ಯಾಟರಿಗೆ ಕೊಡುವ ರೆಗ್ಯುಲೇಟರಿನ ಕಪ್ಲರ್ (ತಂತಿಗಳ ಜೋಡಣೆ) ಬಿಚ್ಚಿದಾಗ ಪ್ಲಾಸ್ಟಿಕ್ ಕರಗಿ ಪಿನ್ನುಗಳಿಗೆ ಅಂಟಿಕೊಂಡಿತ್ತು. ರೆಗ್ಯುಲೇಟರೇ ಸುಟ್ಟುಹೋಗಿತ್ತು. ಬದಲಿ ವ್ಯಾನಿನಲ್ಲಿರಲಿಲ್ಲ.

ಇಂಥ ಗಾಡಿಯಲ್ಲಿ ಪಂಪು, ಇಂಜೆಕ್ಟರು, ಕಿಡಿ, ಎಲ್ಲವೂ ಬ್ಯಾಟರಿಯನ್ನೇ ನಂಬಿವೆ. ಆಗ ಅದೇ ಮಾದರಿಯ ಗಾಡಿಯಲ್ಲಿ ಬಂದಿದ್ದ ಇನ್ನೊಬ್ಬ ಸವಾರರು, ನಾನು ಕೇಳುವ ಮೊದಲೇ, ತಮ್ಮ ಸೀಟು ಬಿಚ್ಚತೊಡಗಿದರು. ಅವರ ತುಂಬಿದ ಬ್ಯಾಟರಿ ಕೆಟ್ಟ ಗಾಡಿಗೆ. ಬಳಲಿದ ಬ್ಯಾಟರಿ ಅವರ ಗಾಡಿಯಲ್ಲಿ ಓಡುತ್ತಾ ಚಾರ್ಜ್ ಆಗಲು. ಅದರಿಂದ ಸೆಲ್ಫ್ ಎತ್ತದಾದಾಗ ಅವರ ಗಾಡಿಯನ್ನು ಎರಡನೆಯ ಗೇರಿನಲ್ಲಿ ತಳ್ಳಿ ಚಾಲೂ ಮಾಡಿದೆವು. ನಂತರ ಪ್ರತಿ ಪೆಟ್ರೋಲ್ ನಿಲುಗಡೆಯಲ್ಲೂ ಬ್ಯಾಟರಿಗಳ ಅದಲುಬದಲು, ಪ್ರತಿ ಸಲವೂ ಎಂಜಿನ್ ಆರಿಸಿ, ನೆಗೆಟಿವ್ ತಂತಿ ಮೊದಲು ಬಿಚ್ಚಿ. ಬ್ಯಾಟರಿ ಪೂರ್ತಿ ಬರಿದಾಗುವ ಮುನ್ನವೇ ಬದಲಿಸುವುದು ಇದರ ಗುಟ್ಟು. ವಿದ್ಯುತ್ ಉಳಿಸಲು ಹೆಡ್‌ಲೈಟಿನ ಫ್ಯೂಸ್ ತೆಗೆದೆವು. ದೀಪವಿಲ್ಲದ ಗಾಡಿಯನ್ನು ನಡುವೆ ಬಿಟ್ಟುಕೊಂಡು ಒಬ್ಬರು ಮುಂದೆ, ಒಬ್ಬರು ಹಿಂದೆ ಸಾಗಿದರು. ಕತ್ತಲಾಗುವ ಮುನ್ನ ಎಲ್ಲರೂ ತಂಗುದಾಣ ಸೇರಿದೆವು. ತಮ್ಮ ಒಳ್ಳೆಯ ಬ್ಯಾಟರಿಯನ್ನು ಕೊಟ್ಟ ಆ ಸವಾರರು ಮೊದಲ ದಿನದವರೆಗೂ ಕೆಟ್ಟ ಗಾಡಿಯ ಸವಾರನಿಗೆ ಅಪರಿಚಿತರು ಎಂಬುದು ನನಗೆ ಈಗಲೂ ದೊಡ್ಡ ವಿಷಯ.

ಮರುಭೂಮಿಯಲ್ಲಿ ಹಲವು ದಿನ ನಡೆಯುವ ಡಕಾರ್ ರ‍್ಯಾಲಿಯಲ್ಲಿ ಮೆಕ್ಯಾನಿಕ್‌ಗಳ ನೆರವಿಲ್ಲದೆ ಓಡುವ ಸವಾರರ ವಿಭಾಗವೇ ಇದೆ. ಮೊದಲು ಅದನ್ನು ‘ಮಾಲ್ ಮೋಟೋ’ ಎನ್ನುತ್ತಿದ್ದರು. ದಿನವಿಡೀ ಓಡಿಸಿ ಬಂದವರು ರಾತ್ರಿ ತಾವೇ ಗಾಡಿ ರಿಪೇರಿ ಮಾಡಿಕೊಳ್ಳಬೇಕು. ಅಂಥವರ ನಡುವೆ ಪಾನಾ, ಟಾರ್ಚು, ಒಂದು ಜೊತೆ ಕೈ ಎಷ್ಟು ಬೆಲೆಬಾಳುತ್ತವೆ ಎಂಬುದು ಈ ಕೆಲಸದಲ್ಲಿರುವ ನನಗೆ ಅರ್ಥವಾಗುತ್ತದೆ.

ಆ ಬ್ಯಾಟರಿ ಘಟನೆಯ ಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ಒಂದೇ ಮಾದರಿಯ ಗಾಡಿಗಳನ್ನು ಒಂದೇ ಗುಂಪಿಗೆ ಹಾಕುವಂತೆ ಸಂಘಟಕರಿಗೆ ಮೊದಲೇ ಹೇಳುತ್ತೇನೆ; ಕ್ಲಚ್ ಕೇಬಲ್, ಲಿವರ್, ಟ್ಯೂಬು ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತದೆ. ಸಂಜೆ ಎಲ್ಲರೂ ಸೇರಿದಾಗ ಪ್ರತಿಯೊಬ್ಬರನ್ನೂ ಅವರ ಗಾಡಿಯ ಬಗ್ಗೆ ಕೇಳುವ ಮುನ್ನ ಮುಂದಿದ್ದ ಗಾಡಿಯಲ್ಲಿ ಏನು ಕಂಡಿತೆಂದು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು, ಮರುದಿನ ಹೊರಡುವ ಮೊದಲು ಅವನ್ನೇ ಪರೀಕ್ಷಿಸುತ್ತೇನೆ.